ಕ್ಯಾನ್ಸರ್ ಮತ್ತು ಮಧುಮೇಹ ತಪಾಸಣೆ: ಸಂಶೋಧನೆಯ ಹಿನ್ನೆಲೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

ಮೂವತ್ತು ವರ್ಷ ತುಂಬಿದ ಎಲ್ಲ ಸ್ತ್ರೀ ಪುರುಷರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆಯನ್ನೂ, ಬಾಯಿ ಕ್ಯಾನ್ಸರ್ ತಪಾಸಣೆಯನ್ನೂ, ಮಹಿಳೆಯರಿಗೆ ಇವುಗಳ ಜೊತೆಗೆ ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನೂ ಉಚಿತವಾಗಿ ನಡೆಸಲಾಗುತ್ತದೆ. ಕ್ಯಾನ್ಸರ್‌ಗಳಲ್ಲಿ ಈ ಮೂರನ್ನೇ ಏಕೆ ಆಯ್ಕೆ ಮಾಡಲಾಗಿದೆ, ಇವುಗಳನ್ನು ಸಕ್ಕರೆ ಪರೀಕ್ಷೆಯ ಜೊತೆಯಲ್ಲಿ ಏಕೆ ನಡೆಸಲಾಗುತ್ತದೆ, ತಪಾಸಣೆಯಲ್ಲಿ ಸಂಶಯ ಕಂಡುಬಂದಲ್ಲಿ ಮುಂದೇನು ಎಂಬ ಪ್ರಶ್ನೆಗಳನ್ನು ಸೇವೆ ಬಯಸಿ ಬರುವವರು ಕೇಳುವುದು ಸಹಜ. ಭಾರತದ ಹಳ್ಳಿ ಪಟ್ಟಣಗಳಲ್ಲಿ ಲಕ್ಷಾಂತರ ಜನರ ಸಹಭಾಗಿತ್ವದಿಂದ ನಡೆದ ಸಂಶೋಧನೆಗಳಲ್ಲಿ ಇವುಗಳಿಗೆ ಉತ್ತರವಿದೆ. ಸದರಿ ಸಂಶೋಧನೆಗಳ ಸಾರವನ್ನೂ ಸೇವೆ ಪಡೆಯುವ ವಿಧಾನವನ್ನೂ ಈ ಪುಟದಲ್ಲಿ ನೀಡಲಾಗಿದೆ.

ತಪಾಸಣೆಗೂ ರೋಗ ನಿರ್ಣಯಕ್ಕೂ ಇರುವ ವ್ಯತ್ಯಾಸ

ಯಾವುದೇ ತೊಂದರೆಯಿಲ್ಲದೆ ಆರೋಗ್ಯವಾಗಿರುವ ವ್ಯಕ್ತಿಗಳಲ್ಲಿ ರೋಗದ ಸಂಭವವಿರುವವರನ್ನು ಬೇರ್ಪಡಿಸುವುದೇ ತಪಾಸಣೆ. ಇದು ರೋಗ ನಿರ್ಣಯವಲ್ಲ. ತಪಾಸಣೆಯಲ್ಲಿ ಸಂಶಯ ಕಂಡುಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಅಂತೆಯೇ ತಪಾಸಣೆಯಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಜೀವನಪರ್ಯಂತ ನಿಶ್ಚಿಂತೆಯೆಂದು ಭಾವಿಸತಕ್ಕದ್ದಲ್ಲ. ಮೂರು ವಾರ ಕಳೆದರೂ ವಾಸಿಯಾಗದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ನಂತರ ರಕ್ತಸ್ರಾವ ಮುಂತಾದ ಲಕ್ಷಣಗಳಿರುವವರು ತಪಾಸಣಾ ಶಿಬಿರಕ್ಕಾಗಿ ಕಾಯಬಾರದು. ಅಂಥವರು ನೇರವಾಗಿ ವೈದ್ಯರನ್ನು ಕಾಣುವುದು ಅವಶ್ಯಕ.

ಬಾಯಿ ಕ್ಯಾನ್ಸರ್: ತಿರುವನಂತಪುರ ಜಿಲ್ಲೆಯ ಅಧ್ಯಯನ

ತಪಾಸಣೆಯಿಂದ ಸಾವು ಕಡಿಮೆಯಾಗುತ್ತದೆ ಎಂದು ಹೇಳುವುದು ಸುಲಭ, ಸಾಧಿಸಿ ತೋರಿಸುವುದು ಕಷ್ಟ. ಒಂದೇ ಬಗೆಯ ಎರಡು ಜನಸಮುದಾಯಗಳನ್ನು ಆಯ್ದು, ಒಂದರಲ್ಲಿ ತಪಾಸಣೆ ನಡೆಸಿ, ಮತ್ತೊಂದನ್ನು ಎಂದಿನಂತೆ ಬಿಟ್ಟು, ಹಲವು ವರ್ಷಗಳ ಕಾಲ ಪ್ರತಿಯೊಂದು ಸಾವಿನ ಲೆಕ್ಕವನ್ನೂ ಇಡಬೇಕಾಗುತ್ತದೆ. ಇಂತಹ ಕಾರ್ಯವನ್ನು ಭಾರತದಲ್ಲಿ ಮುನ್ನಡೆಸಿದವರಲ್ಲಿ ಡಾ. ಆರ್. ಶಂಕರನಾರಾಯಣನ್ ಪ್ರಮುಖರು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ವೈದ್ಯರಾಗಿದ್ದ ಅವರು ನಂತರ ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯನ್ನು ಸೇರಿ, ಅಲ್ಲಿನ ತಪಾಸಣಾ ವಿಭಾಗದ ಮುಖ್ಯಸ್ಥರಾಗಿದ್ದರು.

1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿ ಸಮೂಹಗಳಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆಯ ಅಧ್ಯಯನವನ್ನು ಪ್ರಾರಂಭಿಸಲಾಯಿತು. 35 ವರ್ಷ ಮೇಲ್ಪಟ್ಟ ಸುಮಾರು 1 ಲಕ್ಷ 90 ಸಾವಿರ ಜನರು ಇದರ ವ್ಯಾಪ್ತಿಗೆ ಬಂದರು. ಬಾಯಿಯನ್ನು ಪರೀಕ್ಷಿಸಿದವರು ವೈದ್ಯರಲ್ಲ, ಇದಕ್ಕೆಂದೇ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಮನೆಮನೆಗೆ ತೆರಳಿ, ಬೆಳಕಿನಲ್ಲಿ ಬಾಯಿಯ ಒಳಭಾಗವನ್ನು ನೋಡಿ, ಬಿಳಿ ಅಥವಾ ಕೆಂಪು ಮಚ್ಚೆ, ಹುಣ್ಣು ಇದ್ದವರನ್ನು ವೈದ್ಯರ ಬಳಿಗೆ ಕಳುಹಿಸುವುದಷ್ಟೇ ಅವರ ಕೆಲಸವಾಗಿತ್ತು. ಇಂದು ಉಪಕೇಂದ್ರಗಳಲ್ಲಿ ನಡೆಯುವ ಬಾಯಿ ತಪಾಸಣೆಯೂ ಇದೇ ಕ್ರಮದ್ದಾಗಿದೆ.

ಫಲಿತಾಂಶವು 2005ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತಪಾಸಣೆ ನಡೆದ ಸಮೂಹಗಳಲ್ಲಿ ಬಾಯಿ ಕ್ಯಾನ್ಸರ್‌ನಿಂದ 77 ಸಾವುಗಳೂ, ನಡೆಯದ ಸಮೂಹಗಳಲ್ಲಿ 87 ಸಾವುಗಳೂ ಸಂಭವಿಸಿದ್ದವು. ಇಡೀ ಜನಸಂಖ್ಯೆಯನ್ನು ಗಣನೆಗೆ ತೆಗೆದುಕೊಂಡಾಗ ಈ ವ್ಯತ್ಯಾಸವನ್ನು ಖಚಿತವೆಂದು ಹೇಳುವಂತಿರಲಿಲ್ಲ. ಆದರೆ ತಂಬಾಕು ಅಥವಾ ಮದ್ಯ ಸೇವಿಸುವವರನ್ನು ಮಾತ್ರ ಪ್ರತ್ಯೇಕವಾಗಿ ನೋಡಿದಾಗ ಸಾವಿನ ಪ್ರಮಾಣವು ಸುಮಾರು ಮೂರನೇ ಒಂದು ಭಾಗದಷ್ಟು ಇಳಿದಿರುವುದು ಸ್ಪಷ್ಟವಾಯಿತು. ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ, ಹೊಗೆಸೊಪ್ಪು ಬಳಸುವವರು ತಪಾಸಣೆಗೆ ಮೊದಲು ಬರಬೇಕೆಂದು ಆರೋಗ್ಯ ಕಾರ್ಯಕರ್ತರು ಒತ್ತಾಯಿಸುವುದಕ್ಕೆ ಆಧಾರ ಇದೇ ಆಗಿದೆ. ತಂಬಾಕು ಸೇರಿಸದೆ ಎಲೆ ಅಡಿಕೆಯನ್ನಷ್ಟೇ ಮೆಲ್ಲುವವರೂ ಈ ಗುಂಪಿನ ಹೊರಗಲ್ಲ. ಅಡಿಕೆಯು ಸ್ವತಃ ಕ್ಯಾನ್ಸರ್‌ಕಾರಕವೆಂದು ಮೇಲೆ ಹೇಳಿದ ಅಂತಾರಾಷ್ಟ್ರೀಯ ಸಂಸ್ಥೆಯು 2004ರಲ್ಲಿ ಪ್ರಕಟಿಸಿದೆ. ಅಡಿಕೆ ಬೆಳೆಯುವ ಜಿಲ್ಲೆಗಳಲ್ಲಿ ಈ ಮಾತು ರುಚಿಸದಿರಬಹುದು. ಆದಾಗ್ಯೂ ತಪಾಸಣೆಗೆ ಬಂದವರು ಎಲೆ ಅಡಿಕೆಯ ಅಭ್ಯಾಸವನ್ನು ಮರೆಮಾಚದೆ ತಿಳಿಸುವುದು ಅವರಿಗೇ ಹಿತ.

ಇದೇ ಅಧ್ಯಯನದ ಮತ್ತೊಂದು ಅಂಕಿಅಂಶ ಅಷ್ಟಾಗಿ ಪ್ರಚಾರ ಪಡೆದಿಲ್ಲ, ಆದರೆ ಸೇವೆ ಪಡೆಯುವವರಿಗೆ ಅದೇ ಹೆಚ್ಚು ಮುಖ್ಯ. ತಪಾಸಣೆಯಲ್ಲಿ ಸಂಶಯ ಕಂಡುಬಂದು ವೈದ್ಯರ ಬಳಿಗೆ ಹೋಗಲು ಸೂಚಿಸಲ್ಪಟ್ಟವರು 5,145 ಮಂದಿ. ಅವರಲ್ಲಿ ವಾಸ್ತವವಾಗಿ ಹೋದವರು 3,218, ಎಂದರೆ ಶೇ. 63 ಮಾತ್ರ. ಮನೆ ಬಾಗಿಲಿಗೇ ಬಂದು ಪರೀಕ್ಷಿಸಿ, ಚೀಟಿ ಕೊಟ್ಟು ಕಳುಹಿಸಿದರೂ ಹತ್ತರಲ್ಲಿ ಸುಮಾರು ನಾಲ್ವರು ಎರಡನೆಯ ಹೆಜ್ಜೆಯನ್ನು ಇಡಲಿಲ್ಲ. ನೋವಿಲ್ಲದ ಬಿಳಿ ಮಚ್ಚೆಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ಆಸ್ಪತ್ರೆಗೆ ಹೋಗುವುದು ಎಷ್ಟೋ ಕುಟುಂಬಗಳಿಗೆ ಸುಲಭವಲ್ಲವೆಂಬುದು ನಿಜ. ಆದರೆ ಮಚ್ಚೆಯನ್ನು ಗುರುತಿಸಿದ ಮಾತ್ರಕ್ಕೆ ಯಾರ ಪ್ರಾಣವೂ ಉಳಿಯುವುದಿಲ್ಲ. ಅದನ್ನು ಪರೀಕ್ಷೆಗೊಳಪಡಿಸಿ ಚಿಕಿತ್ಸೆ ಪಡೆದಾಗ ಮಾತ್ರ ಉಳಿಯುತ್ತದೆ.

ಗರ್ಭಕಂಠದ ಕ್ಯಾನ್ಸರ್: ಉಸ್ಮಾನಾಬಾದ್, ದಿಂಡಿಗಲ್ ಮತ್ತು ಮುಂಬೈ

ಅಂತಾರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗಿದ್ದು, ಸುಮಾರು 80 ಸಾವಿರ ಮಹಿಳೆಯರು ಮೃತಪಟ್ಟಿದ್ದಾರೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಸಂಕ್ಷಿಪ್ತವಾಗಿ ಎಚ್‌ಪಿವಿ ಎಂಬ ವೈರಾಣುವಿನ ಸೋಂಕು ಹಲವು ವರ್ಷಗಳ ಕಾಲ ಉಳಿದುಕೊಂಡಾಗ ಈ ಕ್ಯಾನ್ಸರ್ ಉಂಟಾಗುತ್ತದೆ. ಸೋಂಕಿಗೂ ಕ್ಯಾನ್ಸರ್‌ಗೂ ನಡುವೆ ಸಾಮಾನ್ಯವಾಗಿ ಹತ್ತು ವರ್ಷಗಳಿಗೂ ಹೆಚ್ಚಿನ ಅಂತರವಿರುತ್ತದೆ. ಈ ಅವಧಿಯಲ್ಲಿ ಗರ್ಭಕಂಠದ ಮೇಲ್ಪದರದಲ್ಲಾಗುವ ಬದಲಾವಣೆಯನ್ನು ಗುರುತಿಸಿ ಸಣ್ಣ ಚಿಕಿತ್ಸೆಯಿಂದಲೇ ನಿವಾರಿಸಬಹುದು. ಆದುದರಿಂದ ತಪಾಸಣೆಯಿಂದ ತಡೆಯಬಹುದಾದ ಕ್ಯಾನ್ಸರ್‌ಗಳಲ್ಲಿ ಇದಕ್ಕೆ ಮೊದಲ ಸ್ಥಾನವಿದೆ.

ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ್, ನಮ್ಮ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಮೂರೂ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಅಲ್ಲಿನ ಹಳ್ಳಿಗಳ 52 ಸಮೂಹಗಳಲ್ಲಿ, 30ರಿಂದ 59 ವರ್ಷದ 1,31,746 ಮಹಿಳೆಯರನ್ನು ಒಳಗೊಂಡ ಅಧ್ಯಯನವನ್ನು 1999ರಲ್ಲಿ ಕೈಗೊಳ್ಳಲಾಯಿತು. ಮುಂಬೈನ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಹಾಗೂ ಲಿಯಾನ್ ಸಂಸ್ಥೆ ಇದರಲ್ಲಿ ಕೈಜೋಡಿಸಿದ್ದವು. ಮಹಿಳೆಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಒಂದು ಗುಂಪಿಗೆ ಎಚ್‌ಪಿವಿ ಪರೀಕ್ಷೆ, ಇನ್ನೊಂದಕ್ಕೆ ಪ್ಯಾಪ್ ಪರೀಕ್ಷೆ, ಮತ್ತೊಂದಕ್ಕೆ ಅಸಿಟಿಕ್ ಆಮ್ಲವನ್ನು ಲೇಪಿಸಿ ಕಣ್ಣಿನಿಂದ ನೋಡುವ ವಿಐಎ ಪರೀಕ್ಷೆಯನ್ನು ಒಂದೇ ಒಂದು ಬಾರಿ ನಡೆಸಲಾಯಿತು. ನಾಲ್ಕನೆಯ ಗುಂಪಿಗೆ ಅಂದು ಚಾಲ್ತಿಯಲ್ಲಿದ್ದ ಸಾಮಾನ್ಯ ಸೇವೆಯಷ್ಟೇ ದೊರೆಯಿತು.

2009ರಲ್ಲಿ ಫಲಿತಾಂಶ ಪ್ರಕಟವಾಯಿತು. ತಪಾಸಣೆಯಿಲ್ಲದ ಗುಂಪಿನಲ್ಲಿ 64 ಮಹಿಳೆಯರು ಗರ್ಭಕಂಠದ ಕ್ಯಾನ್ಸರ್‌ನಿಂದ ಮೃತಪಟ್ಟಿದ್ದರೆ, ಎಚ್‌ಪಿವಿ ಪರೀಕ್ಷೆ ನಡೆದ ಗುಂಪಿನಲ್ಲಿ ಆ ಸಂಖ್ಯೆ 34 ಆಗಿತ್ತು. ಮುಂದುವರಿದ ಹಂತದಲ್ಲಿ ಪತ್ತೆಯಾದ ಪ್ರಕರಣಗಳು 82ರ ಬದಲಿಗೆ 39 ಇದ್ದವು. ಒಂದು ಬಾರಿಯ ಪರೀಕ್ಷೆ, ಸಂಶಯವಿದ್ದವರಿಗೆ ಮುಂದಿನ ಚಿಕಿತ್ಸೆ, ಇಷ್ಟರಿಂದಲೇ ಸಾವು ಅರ್ಧದಷ್ಟು ಇಳಿಯಿತು. ಪ್ಯಾಪ್ ಮತ್ತು ವಿಐಎ ಗುಂಪುಗಳಲ್ಲಿ ಇಂತಹ ಖಚಿತವಾದ ಇಳಿಕೆ ಕಂಡುಬರಲಿಲ್ಲ. ತಪಾಸಣೆಯಿಲ್ಲದೆ ಉಳಿದ ಗುಂಪಿನ ಮಹಿಳೆಯರಿಗೆ ನ್ಯಾಯ ಸಂದಿತೇ ಎಂಬ ನೈತಿಕ ಪ್ರಶ್ನೆಯನ್ನು ವೈದ್ಯಕೀಯ ನೀತಿಶಾಸ್ತ್ರದ ವಿದ್ವಾಂಸರು ನಂತರದ ವರ್ಷಗಳಲ್ಲಿ ಎತ್ತಿದರು. ಆ ಚರ್ಚೆ ಅಸ್ಥಾನದ್ದಲ್ಲ. ಇಂದು ಯಾರಿಗಾದರೂ ದೊರೆಯುವ ಈ ಸೇವೆಯ ಹಿಂದೆ ಆ ಮಹಿಳೆಯರೂ ಇದ್ದಾರೆ.

ವಿಐಎ ಪರೀಕ್ಷೆ ನಿಷ್ಪ್ರಯೋಜಕವೆಂದು ಇದರಿಂದ ತಿಳಿಯಬಾರದು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಡಾ. ಶಂಕರನಾರಾಯಣನ್ ಮತ್ತು ಸಹೋದ್ಯೋಗಿಗಳು ದಾದಿಯರ ಮೂಲಕ ನಡೆಸಿದ ವಿಐಎ ತಪಾಸಣೆಯಿಂದ ಗರ್ಭಕಂಠದ ಕ್ಯಾನ್ಸರ್‌ನ ಸಾವು ಶೇ. 35ರಷ್ಟು ಕಡಿಮೆಯಾಯಿತೆಂದು 2007ರಲ್ಲಿ ವರದಿಯಾಗಿದೆ. ಮುಂಬೈನ ಕೊಳಚೆ ಪ್ರದೇಶಗಳಲ್ಲಿ ಡಾ. ಸುರೇಂದ್ರ ಶಾಸ್ತ್ರಿ ಅವರ ತಂಡವು ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರಿಂದ ನಡೆಸಿದ ಅಧ್ಯಯನದಲ್ಲಿ ಶೇ. 31ರಷ್ಟು ಇಳಿಕೆ ಕಂಡುಬಂದು, 2014ರಲ್ಲಿ ಪ್ರಕಟವಾಯಿತು. ಪರೀಕ್ಷಿಸುವವರ ತರಬೇತಿ, ಮೇಲ್ವಿಚಾರಣೆ ಮತ್ತು ನಂತರದ ಚಿಕಿತ್ಸೆ ಸರಿಯಾಗಿದ್ದಲ್ಲಿ ವಿಐಎ ಸಹ ಪ್ರಾಣ ಉಳಿಸುತ್ತದೆ. ಪರೀಕ್ಷೆ ಮುಗಿದ ಕೂಡಲೇ ಫಲಿತಾಂಶ ತಿಳಿಯುವುದು ಇದರ ಅನುಕೂಲ. ಎಚ್‌ಪಿವಿ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದರೆ ದೊರೆಯುವ ಭರವಸೆ ಹೆಚ್ಚು ಕಾಲ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರ ಮಾರ್ಗಸೂಚಿಯಲ್ಲಿ ಎಚ್‌ಪಿವಿ ಪರೀಕ್ಷೆಗೆ ಆದ್ಯತೆ ನೀಡಿದೆ.

ಸ್ತನ ಕ್ಯಾನ್ಸರ್

ಮುಂಬೈನಲ್ಲಿಯೇ, 35ರಿಂದ 64 ವರ್ಷದ ಮಹಿಳೆಯರ ಸ್ತನಗಳನ್ನು ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಕೈಯಿಂದ ಪರೀಕ್ಷಿಸುವ ಅಧ್ಯಯನವು ಇಪ್ಪತ್ತು ವರ್ಷಗಳ ಕಾಲ ನಡೆದು, 2021ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಮೊದಲಿಗಿಂತ ಮುಂಚಿನ ಹಂತದಲ್ಲಿ ಪತ್ತೆಯಾಯಿತು. 50 ವರ್ಷ ಮೀರಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಇಳಿಕೆ ಕಂಡುಬರಲಿಲ್ಲ. ದುಬಾರಿ ಯಂತ್ರಗಳಿಲ್ಲದೆಯೂ ಹಳ್ಳಿಯ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮವೆಂದು ಇದನ್ನು ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಲಾಗಿದೆ.

ಮಧುಮೇಹ ತಪಾಸಣೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ 2008ರಿಂದ 2020ರವರೆಗೆ ದೇಶದ ಎಲ್ಲ ಭಾಗಗಳಲ್ಲಿ 1,13,043 ಜನರನ್ನು ಪರೀಕ್ಷಿಸಿದ ಸಮೀಕ್ಷೆಯ ವರದಿಯು 2023ರಲ್ಲಿ ಹೊರಬಂದಿತು. ಚೆನ್ನೈನ ಡಾ. ಆರ್. ಎಂ. ಅಂಜನಾ ಮತ್ತು ಡಾ. ವಿ. ಮೋಹನ್ ಅವರ ನೇತೃತ್ವದ ಈ ಸಮೀಕ್ಷೆಯ ಪ್ರಕಾರ 20 ವರ್ಷ ಮೇಲ್ಪಟ್ಟವರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ. ಇದಕ್ಕಿಂತಲೂ ಹೆಚ್ಚು, ಶೇ. 15.3 ಮಂದಿ ಮಧುಮೇಹದ ಪೂರ್ವ ಹಂತದಲ್ಲಿದ್ದಾರೆ. ಸಂಖ್ಯೆಯಲ್ಲಿ ಹೇಳುವುದಾದರೆ 2021ರಲ್ಲಿ ಮಧುಮೇಹಿಗಳು 10 ಕೋಟಿ 10 ಲಕ್ಷ, ಪೂರ್ವ ಹಂತದವರು 13 ಕೋಟಿ 60 ಲಕ್ಷ.

ಪೂರ್ವ ಹಂತದಲ್ಲಿ ಪತ್ತೆಯಾದವರಿಗೆ ಏನು ಪ್ರಯೋಜನ ಎಂಬುದಕ್ಕೆ ಚೆನ್ನೈನ ಡಾ. ಎ. ರಾಮಚಂದ್ರನ್ ಅವರು 531 ಜನರಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರಿಸುತ್ತದೆ. ಮೂರು ವರ್ಷಗಳಲ್ಲಿ, ಯಾವುದೇ ವಿಶೇಷ ಕ್ರಮವಿಲ್ಲದ ಗುಂಪಿನಲ್ಲಿ ಶೇ. 55 ಮಂದಿ ಮಧುಮೇಹಿಗಳಾದರೆ, ಆಹಾರ ಮತ್ತು ನಡಿಗೆಯ ಕ್ರಮವನ್ನು ಪಾಲಿಸಿದ ಗುಂಪಿನಲ್ಲಿ ಶೇ. 39 ಮಂದಿ ಮಾತ್ರ ಆದರು. ಮಾತ್ರೆ ನೀಡಿದ ಗುಂಪಿನಲ್ಲಿಯೂ ಹೆಚ್ಚುಕಡಿಮೆ ಇಷ್ಟೇ ಫಲ ದೊರೆಯಿತು. ಅನ್ನದ ಪ್ರಮಾಣ ತಗ್ಗಿಸಿ ದಿನವೂ ಅರ್ಧ ಗಂಟೆ ನಡೆಯುವ ಸಲಹೆಯನ್ನು ಕೇಂದ್ರಗಳಲ್ಲಿ ನೀಡಿದಾಗ ಹಲವರು ಅದನ್ನು ಉಪಚಾರದ ಮಾತೆಂದು ತಳ್ಳಿಹಾಕುತ್ತಾರೆ. ಅದು ಮಾತ್ರೆಗೆ ಸಮನಾದ ಚಿಕಿತ್ಸೆಯೆಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಇದರ ಇನ್ನೊಂದು ಮುಖವನ್ನೂ ತಿಳಿಸುವುದು ಅಗತ್ಯ. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ, ಮಧುಮೇಹದ ಸಂಭವ ಹೆಚ್ಚಿದ್ದ 20 ಸಾವಿರಕ್ಕೂ ಅಧಿಕ ಜನರ ನಡುವೆ ಕೈಗೊಂಡು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಬಾರಿಯ ಮಧುಮೇಹ ತಪಾಸಣೆಯಿಂದ ಹತ್ತು ವರ್ಷಗಳಲ್ಲಿ ಒಟ್ಟಾರೆ ಸಾವಿನ ಪ್ರಮಾಣ ಇಳಿಯಲಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಕುಟುಂಬ ವೈದ್ಯರಿದ್ದು, ತಪಾಸಣೆಯಿಲ್ಲದೆಯೂ ರೋಗ ಪತ್ತೆಯಾಗುವ ಸಂಭವ ಹೆಚ್ಚು. ನಮ್ಮಲ್ಲಿನ ಪರಿಸ್ಥಿತಿ ಬೇರೆ. ಆದರೂ, ಬೆರಳಿನಿಂದ ರಕ್ತದ ಹನಿ ತೆಗೆದ ಮಾತ್ರಕ್ಕೆ ಆಯುಷ್ಯ ಹೆಚ್ಚುವುದಿಲ್ಲ ಎಂಬ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ. ಬಾಯಿಯ ಮಚ್ಚೆಯಲ್ಲಿ ಕಂಡ ಮಾತೇ ಸಕ್ಕರೆಯಲ್ಲಿಯೂ ನಿಜ.

ಮಧುಮೇಹಿಗಳು ಕ್ಯಾನ್ಸರ್ ತಪಾಸಣೆಯನ್ನು ಬಿಡಬಾರದೇಕೆ

ಎರಡನೇ ವಿಧದ ಮಧುಮೇಹವಿರುವವರಲ್ಲಿ ಯಕೃತ್ತು, ಮೇದೋಜೀರಕ ಗ್ರಂಥಿ, ಗರ್ಭಕೋಶದ ಒಳಪದರ, ದೊಡ್ಡ ಕರುಳು, ಸ್ತನ ಮತ್ತು ಮೂತ್ರಕೋಶದ ಕ್ಯಾನ್ಸರ್‌ಗಳು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆಯೆಂದು ಅಮೆರಿಕದ ಮಧುಮೇಹ ಸಂಘ ಮತ್ತು ಕ್ಯಾನ್ಸರ್ ಸೊಸೈಟಿಯ ತಜ್ಞರು 2010ರಲ್ಲಿ ಜಂಟಿಯಾಗಿ ಪ್ರಕಟಿಸಿದ್ದಾರೆ. ಬೊಜ್ಜು, ವ್ಯಾಯಾಮದ ಕೊರತೆ, ವಯಸ್ಸು ಮುಂತಾದ ಕಾರಣಗಳು ಎರಡೂ ರೋಗಗಳಿಗೆ ಸಮಾನವಾಗಿರುವುದರಿಂದ ಮಧುಮೇಹದ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಮಧುಮೇಹವಿದ್ದವರೆಲ್ಲರಿಗೂ ಕ್ಯಾನ್ಸರ್ ಬರುತ್ತದೆಯೆಂದು ಇದರ ಅರ್ಥವಲ್ಲ.

ಹೆಚ್ಚು ಯೋಚಿಸಬೇಕಾದ ಸಂಗತಿ ಮತ್ತೊಂದಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಡಾ. ಲೊರೇನ್ ಲಿಪ್ಸ್‌ಕೋಂಬ್ ಮತ್ತು ಸಹೋದ್ಯೋಗಿಗಳು 50 ವರ್ಷ ದಾಟಿದ ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಮಧುಮೇಹವಿರುವ ಮಹಿಳೆಯರು ವೈದ್ಯರ ಬಳಿಗೆ ಇತರರಿಗಿಂತ ಹೆಚ್ಚು ಬಾರಿ ಹೋಗುತ್ತಿದ್ದರು, ಆದರೆ ಸ್ತನದ ಕ್ಷ-ಕಿರಣ ತಪಾಸಣೆಯಾದ ಮ್ಯಾಮೋಗ್ರಫಿಗೆ ಒಳಗಾದವರು ಅವರಲ್ಲಿಯೇ ಕಡಿಮೆ. ಪ್ರತಿ ಭೇಟಿಯ ಸಮಯವೂ ಸಕ್ಕರೆ, ರಕ್ತದೊತ್ತಡ, ಔಷಧಗಳ ವಿಚಾರದಲ್ಲಿಯೇ ಕಳೆದುಹೋಗಿ, ಇಲ್ಲದ ರೋಗದ ತಪಾಸಣೆಯ ಮಾತು ಬರುವುದೇ ಇಲ್ಲವೆಂಬುದು ಇದಕ್ಕೆ ನೀಡಲಾಗುವ ಒಂದು ವಿವರಣೆ. ಚಿಕಿತ್ಸೆಗೆ ಹಣ ಕೊಡಬೇಕಿಲ್ಲದ ವ್ಯವಸ್ಥೆಯಲ್ಲಿಯೇ ಹೀಗಾಗಿದೆ. ಪ್ರತಿ ತಿಂಗಳು ಸಕ್ಕರೆ ಮಾತ್ರೆಗಾಗಿ ಆರೋಗ್ಯ ಕೇಂದ್ರಕ್ಕೆ ಬಂದು ಸಾಲಿನಲ್ಲಿ ನಿಲ್ಲುವ ತಾಯಂದಿರು ಗರ್ಭಕಂಠದ ತಪಾಸಣೆಗೆ ಒಮ್ಮೆಯೂ ಒಳಗಾಗಿರದ ಸಾಧ್ಯತೆ ನಮ್ಮಲ್ಲಿ ಇನ್ನೂ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕಂಠದ ತಪಾಸಣೆಗೆ ಎಂದಾದರೂ ಒಳಗಾದವರು ಶೇ. 1.9, ಸ್ತನ ತಪಾಸಣೆಗೆ ಒಳಗಾದವರು ಶೇ. 0.9 ಮಾತ್ರ.

ಆದುದರಿಂದ ಒಂದು ರೋಗಕ್ಕೆಂದು ಬಂದವರಿಗೆ ಉಳಿದ ತಪಾಸಣೆಗಳನ್ನೂ ಅದೇ ಕೇಂದ್ರದಲ್ಲಿ ನಡೆಸುವ ಪದ್ಧತಿಯನ್ನು 2016ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಅಳವಡಿಸಲಾಗಿದೆ. ಸಿಬ್ಬಂದಿಯು ತಾವಾಗಿ ಕೇಳದಿದ್ದಲ್ಲಿ ಸಾರ್ವಜನಿಕರೇ ಕೇಳಿ ಪಡೆಯಬಹುದು. ಕೇಳುವುದು ತಪ್ಪಲ್ಲ.

ಸೇವೆ ಪಡೆಯುವ ವಿಧಾನ

ಮೊದಲಿಗೆ ಆಶಾ ಕಾರ್ಯಕರ್ತೆಯು ಮನೆಗೆ ಭೇಟಿ ನೀಡಿ, ವಯಸ್ಸು, ತಂಬಾಕು ಮತ್ತು ಮದ್ಯದ ಅಭ್ಯಾಸ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಕುಟುಂಬದಲ್ಲಿ ರೋಗದ ಹಿನ್ನೆಲೆ ಇವುಗಳನ್ನು ಒಳಗೊಂಡ ನಮೂನೆಯನ್ನು ಭರ್ತಿ ಮಾಡುತ್ತಾರೆ. ನಮೂನೆಯಲ್ಲಿ 4ಕ್ಕಿಂತ ಹೆಚ್ಚು ಅಂಕ ಬಂದವರಿಗೆ ತಪಾಸಣೆಯಲ್ಲಿ ಆದ್ಯತೆ. ಕಡಿಮೆ ಅಂಕ ಬಂದವರಿಗೂ ತಪಾಸಣೆಯನ್ನು ನಿರಾಕರಿಸುವಂತಿಲ್ಲ. ಆಶಾ ಕಾರ್ಯಕರ್ತೆಯ ಭೇಟಿ ಆಗಿರದಿದ್ದಲ್ಲಿ ಹತ್ತಿರದ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೇರವಾಗಿ ಹೋಗಬಹುದು. ಕ್ಯಾನ್ಸರ್ ತಪಾಸಣೆಯನ್ನು 30ರಿಂದ 65 ವರ್ಷದವರಿಗೆ ಐದು ವರ್ಷಗಳಿಗೊಮ್ಮೆಯೂ, ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆಯನ್ನು 30 ವರ್ಷ ಮೇಲ್ಪಟ್ಟವರಿಗೆ ವರ್ಷಕ್ಕೊಮ್ಮೆಯೂ ನಡೆಸಬೇಕೆಂದು ಮಾರ್ಗಸೂಚಿಯಲ್ಲಿದೆ.

ಬೆರಳಿನ ರಕ್ತದಲ್ಲಿ ಸಕ್ಕರೆಯ ಪ್ರಮಾಣ 140 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದಲ್ಲಿ ವೈದ್ಯರ ಬಳಿಗೆ ಕಳುಹಿಸಲಾಗುತ್ತದೆ. ಇದರಿಂದಲೇ ಮಧುಮೇಹವೆಂದು ತೀರ್ಮಾನವಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ 200 ಅಥವಾ ಹೆಚ್ಚು ಇದ್ದಲ್ಲಿ ಮಧುಮೇಹವೆಂದು ಪರಿಗಣಿಸಲಾಗುತ್ತದೆ. ಲಕ್ಷಣಗಳಿಲ್ಲದವರಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿ ಖಚಿತಪಡಿಸಿಕೊಳ್ಳಲಾಗುತ್ತದೆ.

ಗರ್ಭಕಂಠದ ತಪಾಸಣೆಗೆ ಮುಟ್ಟಿನ ದಿನಗಳನ್ನು ಬಿಟ್ಟು ಬರುವುದು ಸೂಕ್ತ. ತಪಾಸಣೆಗೆ ಕೆಲವೇ ನಿಮಿಷಗಳು ಸಾಕು. ಮಹಿಳಾ ಸಿಬ್ಬಂದಿಯೇ ಪರೀಕ್ಷಿಸಬೇಕೆಂದು ಕೋರಬಹುದು. ಬಾಯಿ ತಪಾಸಣೆಗೆ ಬರುವವರು ಬಾಯಿಯನ್ನು ನೀರಿನಿಂದ ಮುಕ್ಕಳಿಸಿ, ಕೃತಕ ಹಲ್ಲಿನ ಸೆಟ್ ಇದ್ದಲ್ಲಿ ತೆಗೆದು ಬರಬೇಕು.

ತಪಾಸಣೆಯಲ್ಲಿ ಸಂಶಯ ಕಂಡುಬಂದವರಿಗೆ ನೀಡುವ ಶಿಫಾರಸು ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು, ಅದರಲ್ಲಿ ನಮೂದಿಸಿದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ವಿಳಂಬವಿಲ್ಲದೆ ಹೋಗತಕ್ಕದ್ದು. ಅಲ್ಲಿ ಅಗತ್ಯವಿದ್ದಲ್ಲಿ ಸಣ್ಣ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಲಾಗುತ್ತದೆ. ತುಣುಕು ತೆಗೆಯುವುದರಿಂದ ಕ್ಯಾನ್ಸರ್ ಹರಡುತ್ತದೆಯೆಂಬ ನಂಬಿಕೆ ಹಲವೆಡೆ ಇದೆ, ಅದಕ್ಕೆ ಹೆದರಿ ಹಿಂಜರಿಯಬೇಕಾಗಿಲ್ಲ. ಮಧುಮೇಹವಿರುವವರು ತಾವು ತೆಗೆದುಕೊಳ್ಳುವ ಮಾತ್ರೆ ಅಥವಾ ಇನ್ಸುಲಿನ್ ವಿವರವನ್ನೂ, ಇತ್ತೀಚಿನ ಸಕ್ಕರೆ ಪರೀಕ್ಷೆಯ ವರದಿಯನ್ನೂ ಒಯ್ಯಬೇಕು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದಲ್ಲಿ ಗಾಯ ಮಾಯುವುದು ತಡವಾಗುತ್ತದೆ, ಸೋಂಕಿನ ಸಂಭವವೂ ಹೆಚ್ಚು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಕೆಲವು ಔಷಧಗಳಿಂದ ಸಕ್ಕರೆ ಏರುವುದರಿಂದ ಚಿಕಿತ್ಸೆ ನೀಡುವ ವೈದ್ಯರಿಗೆ ಈ ಮಾಹಿತಿ ಮೊದಲೇ ಇರಬೇಕು.

ತಪಾಸಣೆಗೆ ಪಡಿತರ ಚೀಟಿಯ ಅಗತ್ಯವಿಲ್ಲ. ಕ್ಯಾನ್ಸರ್ ಖಚಿತಪಟ್ಟು ಹೆಚ್ಚಿನ ಚಿಕಿತ್ಸೆ ಬೇಕಾದಲ್ಲಿ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಇದಕ್ಕಾಗಿ ಪಡಿತರ ಚೀಟಿ, ಆಧಾರ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳಬೇಕು. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ ಎಲ್ಲ ಬಗೆಯ ಕ್ಯಾನ್ಸರ್ ಚಿಕಿತ್ಸೆ ಲಭ್ಯವಿದ್ದು, ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಪರೀಕ್ಷೆಯ ವರದಿ ಬರುವ ದಿನಾಂಕವನ್ನು ಚೀಟಿಯ ಮೇಲೆ ಬರೆಸಿಕೊಂಡು, ಆ ದಿನ ಬರಲಾಗದಿದ್ದಲ್ಲಿ ತಮ್ಮ ಊರಿನ ಆಶಾ ಕಾರ್ಯಕರ್ತೆಗೆ ಮುಂಚಿತವಾಗಿ ತಿಳಿಸಿದರೆ ಬೇರೆ ದಿನವನ್ನು ಗೊತ್ತುಪಡಿಸಿಕೊಳ್ಳಲು ಅವರು ನೆರವಾಗುತ್ತಾರೆ.